ಲಿವರು ತಿರುಗಿತು, ಫಿಲ್ಮು ಸರಿಯಿತೆ?

ಬೇಸಿಗೆಯ ರಜೆ ಮುಗಿಸಿಕೊಂಡು ತೀರ್ಥಹಳ್ಳಿಯಿಂದ ಬಂದ ನಮ್ಮ ಅಕ್ಕನ ಮೊಮ್ಮಗಳು, ಚೀಲ ಕೆಳಗಿಡುವ ಮೊದಲೇ ಅದರೊಳಗಿನಿಂದ ಒಂದು ಕ್ಯಾಮರಾ ತೆಗೆದು ನನ್ನ ಕೈಯಲ್ಲಿಟ್ಟಳು. “ತಾತ, ಇದು ಸಿಕ್ಕಿಹಾಕಿಕೊಂಡಿದೆ. ಮುಂದಕ್ಕೆ ಹೋಗುವುದಿಲ್ಲ. ಹಿಂದಕ್ಕೆ ಸುತ್ತಿದರೆ ಸುಮ್ಮನೆ ಗಿರಗಿರ ತಿರುಗುತ್ತದೆ. ಒಳಗೆ ಅಜ್ಜಿಯ ಫೋಟೋಗಳಿವೆ, ಏನಾದರೂ ಮಾಡಿ” ಎಂದಳು.

ಕ್ಯಾಮರಾ ನೋಡುತ್ತಲೇ ಗುರುತು ಹಿಡಿದೆ. ಅದು ನಮ್ಮ ಭಾವನವರದು. ಅವರು ಹೋದ ಮೇಲೆ ಬೀರುವಿನಲ್ಲಿ ಜರತಾರಿ ಸೀರೆಗಳ ಕೆಳಗೆ ನಿದ್ರಿಸುತ್ತಿದ್ದ ಅದನ್ನು ಈ ಹುಡುಗಿ ಎಬ್ಬಿಸಿದ್ದಳು. ಈಗ ಅನೇಕ ಮನೆಗಳಲ್ಲಿ ಹೀಗಾಗುತ್ತಿದೆ. ಜೇಬಿನ ಫೋನಿನಲ್ಲಿ ಸಾವಿರ ಫೋಟೋ ತೆಗೆಯಬಲ್ಲ ಮಕ್ಕಳಿಗೆ, ಎಣಿಸಿ ತೆಗೆಯಬೇಕಾದ ಫಿಲ್ಮಿನ ಮೇಲೆ ಮತ್ತೆ ಮೋಹ ಹುಟ್ಟಿದೆ. ಫಿಲ್ಮಿನ ಒಂದು ರೋಲಿಗೆ ನೂರಾರು ರೂಪಾಯಿ, ತೊಳೆಸುವುದಕ್ಕೆ ಮತ್ತೆ ಖರ್ಚು, ಆದರೂ ಬಿಡರು. ಅವರಿಗೆ ಕ್ಯಾಮರಾ ಸಿಗುತ್ತದೆ, ಅದನ್ನು ನಡೆಸಿ ತೋರಿಸುವ ಹಿರಿಯರು ಸಿಗುವುದಿಲ್ಲ. ಆದ್ದರಿಂದಲೇ ಈ ಹೊತ್ತು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಆ ಕ್ಯಾಮರಾಕ್ಕೂ ನನಗೂ ಒಂದು ಹಳೆಯ ಲೆಕ್ಕವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ. ೧೯೭೮ರಲ್ಲಿ ನಮ್ಮ ತಂದೆಯವರಿಗೆ ಷಷ್ಟ್ಯಬ್ದಿ ಶಾಂತಿ ನಡೆಯಿತು. ನಾನಾಗ ಕಾಲೇಜು ಮುಗಿಸಿದ್ದ ಹುಡುಗ. ಭಾವನವರನ್ನು ಕಾಡಿ ಬೇಡಿ ಕ್ಯಾಮರಾ ಎರವಲು ತಂದಿದ್ದೆ. ನಮ್ಮ ಅಜ್ಜಿಗೆ, ಎಂದರೆ ತಂದೆಯ ತಾಯಿಗೆ, ಎಂಬತ್ತರ ಹತ್ತಿರ ವಯಸ್ಸು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕ್ಷೀಣಿಸುತ್ತದೆಂದು ನಂಬಿ ಅದುವರೆಗೆ ಯಾವ ಕ್ಯಾಮರಾದ ಮುಂದೆಯೂ ನಿಂತವಳಲ್ಲ. ಆ ದಿನ ಮಾತ್ರ ಏನು ತೋರಿತೋ, “ಇನ್ನು ಕ್ಷೀಣಿಸುವುದಕ್ಕೆ ಏನು ಉಳಿದಿದೆ, ತೆಗಿ” ಎಂದು ಜಗಲಿಯ ಮೇಲೆ ಕುಳಿತಳು. ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡು ಕೂರುವುದು ಅವಳ ವಾಡಿಕೆ. ಹಾಗೆಯೇ ಕುಳಿತಳು. ಮೂರು ತೆಗೆದೆ.

೩೬ ಚಿತ್ರಗಳ ರೋಲು. ಸಂಜೆಯ ಹೊತ್ತಿಗೆ ಎಣಿಕೆಯ ಮುಳ್ಳು ೩೬ಕ್ಕೆ ಬಂತು. ನಿಲ್ಲಲಿಲ್ಲ. ಮೂವತ್ತೇಳು, ಮೂವತ್ತೆಂಟು. ಅಂಗಡಿಯವನು ಧಾರಾಳಿ ಎಂದುಕೊಂಡೆ. ನಲವತ್ತು ದಾಟಿದಾಗಲೂ ನನ್ನ ಬುದ್ಧಿಗೆ ಏನೂ ಹೊಳೆಯಲಿಲ್ಲವೆಂಬುದನ್ನು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಮಾರನೆಯ ದಿನ ಸ್ಟುಡಿಯೋಗೆ ಕೊಂಡೊಯ್ದೆ. ಆತ ಕತ್ತಲ ಕೋಣೆಗೆ ಹೋಗಿ ಎರಡು ನಿಮಿಷದಲ್ಲಿ ಹೊರಗೆ ಬಂದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಸ್ವಾಮಿ, ಇದನ್ನು ತೊಳೆಯುವ ಅಗತ್ಯವಿಲ್ಲ. ಹಾಗೆಯೇ ಇನ್ನೊಂದು ಸಲ ಹಾಕಿಕೊಳ್ಳಿ” ಎಂದರು. ಫಿಲ್ಮಿನ ಮೊದಲ ತುದಿ ಸ್ಪೂಲಿಗೆ ಕಚ್ಚಿಕೊಂಡೇ ಇರಲಿಲ್ಲ. ಇಡೀ ದಿನ ಲಿವರು ತಿರುಗಿತ್ತು, ಶಟರು ಬಡಿದಿತ್ತು, ಅಂಕಿ ಏರಿತ್ತು. ಫಿಲ್ಮು ಮಾತ್ರ ಇದ್ದಲ್ಲೇ ಇತ್ತು. ಅಜ್ಜಿ ಮುಂದಿನ ದೀಪಾವಳಿಯನ್ನು ನೋಡಲಿಲ್ಲ.

ಎಣಿಕೆಯ ಮುಳ್ಳು ನನಗೆ ಸುಳ್ಳು ಹೇಳಿತೆ? ಇಲ್ಲ. ಬಹುಪಾಲು ಹಳೆಯ ಕ್ಯಾಮರಾಗಳಲ್ಲಿ ಆ ಮುಳ್ಳು ಫಿಲ್ಮನ್ನು ಎಣಿಸುವುದೇ ಇಲ್ಲ. ನಮ್ಮ ಹೆಬ್ಬೆರಳು ಎಷ್ಟು ಸಲ ಲಿವರು ಎಳೆಯಿತು ಎಂಬುದನ್ನು ಎಣಿಸುತ್ತದೆ. ಒಳಗೆ ಫಿಲ್ಮಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಒಳಗಿನ ವ್ಯವಸ್ಥೆ ಬಹಳ ಸರಳವಾದದ್ದು. ೩೫ ಮಿಲಿಮೀಟರಿನ ಫಿಲ್ಮು ಮೂಲತಃ ಸಿನಿಮಾದ್ದು. ಎರಡು ಅಂಚುಗಳಲ್ಲಿಯೂ ಸಾಲು ತೂತುಗಳಿರುವುದು ಆ ಕಾರಣದಿಂದಲೇ. ಅದನ್ನು ನಿಂತ ಚಿತ್ರಕ್ಕೆ ಒಗ್ಗಿಸಿದ ಕ್ಯಾಮರಾಗಳಲ್ಲಿ ಹೆಸರಾದ ಲೈಕಾ, ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬುವರ ಕೈಕೆಲಸ. ೧೯೨೫ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಜನರ ಮುಂದೆ ಬಂತು. ಹಗಲಿನಲ್ಲಿಯೇ ತುಂಬಬಹುದಾದ ಸಿದ್ಧ ಡಬ್ಬಿಯನ್ನು ಕೊಡಕ್ ಕಂಪನಿ ೧೯೩೪ರಲ್ಲಿ ತನ್ನ ರೆಟಿನಾ ಕ್ಯಾಮರಾದ ಜೊತೆಗೆ ತಂದಿತು. ಇಂದಿಗೂ ನಾವು ಕೊಳ್ಳುವುದು ಆ ಡಬ್ಬಿಯನ್ನೇ.

ಕ್ಯಾಮರಾದ ಬೆನ್ನು ತೆರೆದರೆ ಎಡಗಡೆ ಡಬ್ಬಿ ಕೂರುವ ಗೂಡು, ಬಲಗಡೆ ಫಿಲ್ಮು ಸುತ್ತಿಕೊಳ್ಳುವ ಸ್ಪೂಲು, ಅದರ ಪಕ್ಕದಲ್ಲಿ ಹಲ್ಲುಗಾಲಿ. ಲಿವರು ಎಳೆದಾಗ ಹಲ್ಲುಗಾಲಿ ಅಂಚಿನ ತೂತುಗಳಲ್ಲಿ ಹಲ್ಲು ತೂರಿಸಿ ಫಿಲ್ಮನ್ನು ಸರಿಯಾಗಿ ಎಂಟು ತೂತುಗಳಷ್ಟು, ಅಂದರೆ ೩೮ ಮಿಲಿಮೀಟರು, ಮುಂದೆ ನೂಕುತ್ತದೆ. ಚಿತ್ರದ ಉದ್ದ ೩೬ ಮಿಲಿಮೀಟರು. ಉಳಿದ ಎರಡು ನಡುವಿನ ಗೆರೆ. ಎಷ್ಟು ಸರಿಯಬೇಕೆಂದು ಅಳೆಯುವವನು ಹಲ್ಲುಗಾಲಿ. ಬಂದದ್ದನ್ನು ಸುತ್ತಿಡುವವನು ಸ್ಪೂಲು. ಸುತ್ತು ಬೆಳೆದಂತೆ ಸ್ಪೂಲು ದಪ್ಪಗಾಗುತ್ತದೆ. ಒಂದೊಂದು ಸುತ್ತಿಗೆ ಹೆಚ್ಚು ಹೆಚ್ಚು ಫಿಲ್ಮನ್ನು ಎಳೆಯತೊಡಗುತ್ತದೆ. ಹಲ್ಲುಗಾಲಿಯೊಡನೆ ಜಗಳ ಹತ್ತದಿರಲೆಂದು, ಬೇಕಾದಾಗ ಜಾರುವಂತೆ ಸ್ಪೂಲನ್ನು ಬಿಗಿ ಸಡಿಲವಾಗಿ ಕೂರಿಸಿರುತ್ತಾರೆ. ಈ ಇಬ್ಬರ ಸಂಸಾರ ಚೆನ್ನಾಗಿದ್ದರೆ ಫೋಟೋಗಳೂ ಚೆನ್ನ.

ಹಾಗಾದರೆ ಫಿಲ್ಮು ನಿಜವಾಗಿ ಸರಿಯುತ್ತಿದೆಯೆಂದು ಹೊರಗಿನಿಂದ ತಿಳಿಯುವುದು ಹೇಗೆ? ಸಾಕ್ಷಿ ಹೇಳುವವನು ಎಡಗಡೆ ಮೇಲಿರುವ ರಿವೈಂಡ್ ಹಿಡಿ. ಅದರ ಕವಲು ಡಬ್ಬಿಯೊಳಗಿನ ಕಡ್ಡಿಗೆ ನೇರವಾಗಿ ಸೇರಿರುತ್ತದೆ. ಫಿಲ್ಮು ಹೊರಗೆ ಬಂದರೆ ಕಡ್ಡಿ ತಿರುಗಬೇಕು, ಕಡ್ಡಿ ತಿರುಗಿದರೆ ಹಿಡಿ ತಿರುಗಬೇಕು. ಬೆನ್ನು ಮುಚ್ಚಿದ ಮೇಲೆ ಹಿಡಿಯನ್ನು ಬಾಣದ ಗುರುತಿನ ಕಡೆಗೆ, ತೀರ ಮೆಲ್ಲಗೆ, ಬಿಗಿ ಸಿಕ್ಕುವವರೆಗೆ ಮಾತ್ರ ತಿರುಗಿಸಿ. ಒಳಗಿನ ಸಡಿಲು ಹೋಗುತ್ತದೆ. ಆಮೇಲೆ ಲಿವರು ಎಳೆಯಿರಿ. ಹಿಡಿ ತಾನಾಗಿ ಹಿಂದುಮುಂದಾಗಿ ತಿರುಗಿದರೆ ಫಿಲ್ಮು ಹೊರಟಿದೆ. ಎರಡು ಮೂರು ಸಲ ಎಳೆದರೂ ಅದು ಕಲ್ಲಿನಂತೆ ನಿಂತಿದ್ದರೆ ಬೆನ್ನು ತೆರೆದು ಮತ್ತೆ ಹಾಕಿ. ಹೋಗುವುದು ಫಿಲ್ಮಿನ ಮೊದಲ ಗೇಣು ಅಷ್ಟೇ. ಈ ಒಂದು ನೋಟವನ್ನು ೧೯೭೮ರಲ್ಲಿ ಯಾರಾದರೂ ನನಗೆ ಕಲಿಸಿದ್ದರೆ!

ಹಾಕುವಾಗ ನಡೆಯುವ ತಪ್ಪು ಆತುರದ್ದು. ಫಿಲ್ಮಿನ ನಾಲಗೆಯಂಥ ತುದಿಯನ್ನು ಸ್ಪೂಲಿನ ಸೀಳಿಗೆ ಚೆನ್ನಾಗಿ ತೂರಿಸಬೇಕು. ಬೆನ್ನು ತೆರೆದಿರುವಾಗಲೇ ಒಂದು ಸಲ ಲಿವರು ಎಳೆದು, ಮೇಲಿನ ಕೆಳಗಿನ ಎರಡೂ ಸಾಲು ತೂತುಗಳು ಹಲ್ಲುಗಾಲಿಯ ಹಲ್ಲಿನ ಮೇಲೆ ಕೂತದ್ದನ್ನು ಕಣ್ಣಾರೆ ನೋಡಿ, ಅನಂತರ ಮುಚ್ಚಬೇಕು. ಹೊಸಬರು ಅವಧಿ ಮೀರಿದ ಒಂದು ರೋಲನ್ನು ಅಭ್ಯಾಸಕ್ಕೆಂದೇ ಇಟ್ಟುಕೊಂಡು, ಹಗಲಿನಲ್ಲಿ ಹತ್ತು ಸಲ ಹಾಕಿ ತೆಗೆದರೆ ಕೈ ಪಳಗುತ್ತದೆ.

ಇನ್ನು ಲಿವರು ತಿರುಗದೆ ನಿಂತುಬಿಡುವ ಸಂಕಟ. ಇಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಬಲ ಪ್ರಯೋಗಿಸಬೇಡಿ. ಲಿವರು ನಿಂತಿದೆಯೆಂದರೆ ನೂರಕ್ಕೆ ನೂರು ಕ್ಯಾಮರಾ ಕೆಟ್ಟಿದೆಯೆಂದು ಅರ್ಥವಲ್ಲ. ಮೊದಲು, ರೋಲು ಮುಗಿದಿರಬಹುದು. ೩೬ರದ್ದೆಂದು ತಿಳಿದುಕೊಂಡಿದ್ದು ೨೪ರದ್ದಾಗಿರಬಹುದು. ಫಿಲ್ಮಿನ ಕೊನೆಯನ್ನು ಡಬ್ಬಿಯ ಕಡ್ಡಿಗೆ ಅಂಟಿಸಿರುತ್ತಾರೆ. ಅದು ‘ಸಾಕು’ ಎಂದು ತಡೆಯುತ್ತದೆ. ಎರಡನೆಯದಾಗಿ, ಲಿವರನ್ನು ಅರ್ಧ ಎಳೆದು ಬಿಟ್ಟಿರಬಹುದು, ಅಥವಾ ಆಗಲೇ ಎಳೆದದ್ದಾಗಿದ್ದು ಫೋಟೋ ತೆಗೆಯುವುದೇ ಬಾಕಿಯಿರಬಹುದು. ಕೆಲವು ಕ್ಯಾಮರಾಗಳಲ್ಲಿ ಇದು ವಿದ್ಯುತ್ತಿನ ಪ್ರಶ್ನೆ. ೧೯೭೬ರಲ್ಲಿ ಬಂದ ಕ್ಯಾನನ್ ಏ-ಈ-೧ ತುಂಬ ಜನಪ್ರಿಯವಾಗಿತ್ತು. ಬ್ಯಾಟರಿ ಸತ್ತರೆ ಅದರ ಶಟರು ಬಿಡುವುದಿಲ್ಲ, ಶಟರು ಬಿಡದೆ ಲಿವರು ತಿರುಗುವುದಿಲ್ಲ. ಇದನ್ನು ಅರಿಯದೆ ಆರು ವೋಲ್ಟಿನ ಪುಟ್ಟ ಬ್ಯಾಟರಿ ಕೇಳಿದ ಕ್ಯಾಮರಾವನ್ನು ಗುಜರಿಗೆ ಹಾಕಿದವರುಂಟು. ಅದೇ ವರ್ಷದ ಪೆಂಟಾಕ್ಸ್ ಕೆ-೧೦೦೦ಕ್ಕೆ ಈ ಗೋಳಿಲ್ಲ. ಬ್ಯಾಟರಿ ಬೆಳಕಿನ ಅಳತೆಗಷ್ಟೇ. ಉಳಿದದ್ದೆಲ್ಲ ಹಲ್ಲುಚಕ್ರದ ಕೆಲಸ.

ಎಲ್ಲಕ್ಕಿಂತ ವಿಚಿತ್ರವಾದದ್ದು ಕೊಡಕ್ ರೆಟಿನಾದ ಐವತ್ತರ ದಶಕದ ಕೆಲವು ಮಾದರಿಗಳದು. ಅವುಗಳ ಎಣಿಕೆ ಮೇಲಕ್ಕೆ ಹೋಗುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ರೋಲು ಹಾಕಿದಾಗ ೩೬ಕ್ಕೆ ನಾವೇ ಇಡಬೇಕು. ಅದು ಇಳಿದಿಳಿದು ಒಂದಕ್ಕೆ ಬಂದೊಡನೆ ಲಿವರಿಗೆ ಬೀಗ ಬೀಳುತ್ತದೆ, ಒಳಗೆ ಫಿಲ್ಮಿಲ್ಲದಿದ್ದರೂ ಬೀಳುತ್ತದೆ. ‘ಜಾಮ್ ಆಗಿದೆ’ ಎಂದು ಮೂಲೆ ಸೇರಿದ ಎಷ್ಟೋ ರೆಟಿನಾಗಳ ರೋಗ ಇಷ್ಟೇ. ಎಣಿಕೆಯನ್ನು ಮತ್ತೆ ಮೇಲಕ್ಕೆ ಏರಿಸಿದರೆ ಎದ್ದು ಓಡಾಡುತ್ತವೆ.

ನಿಜವಾದ ರೋಗಗಳೂ ಉಂಟು. ಚಿತ್ರದ ಮೇಲೆ ಚಿತ್ರ ಏರಿಕೊಂಡು ಬಂದರೆ, ತೂತುಗಳು ಹರಿದು ಹಲ್ಲುಗಾಲಿ ಫಿಲ್ಮನ್ನು ಹಿಡಿಯುತ್ತಿಲ್ಲವೆಂದು ತಿಳಿಯಬೇಕು. ಅಥವಾ ತಳದಲ್ಲಿರುವ ರಿವೈಂಡ್ ಗುಂಡಿ ಒಳಗೇ ಕಚ್ಚಿಕೊಂಡಿರಬಹುದು. ಆ ಗುಂಡಿಯನ್ನು ಒತ್ತಿದಾಗ ಹಲ್ಲುಗಾಲಿ ಬಂಧನದಿಂದ ಬಿಡುಗಡೆಯಾಗುತ್ತದೆ. ಹಿಂದಕ್ಕೆ ಸುತ್ತಲು ಅದು ಅಗತ್ಯ. ಮುಂದಿನ ರೋಲಿಗೆ ಲಿವರು ಎಳೆದಾಗ ಗುಂಡಿ ತಾನಾಗಿ ಹೊರಗೆ ಬರಬೇಕು. ಕೊಳೆ ಕಟ್ಟಿಕೊಂಡು ಬಾರದಿದ್ದರೆ ಹಲ್ಲುಗಾಲಿ ಅಳತೆಗೆಟ್ಟು ನಿಲ್ಲುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಣ ಜಾಗ ಮನಸ್ಸಿಗೆ ಬಂದಂತಾಗುತ್ತದೆ. ಖಾಲಿ ಕ್ಯಾಮರಾದಲ್ಲಿ ಗುಂಡಿಯನ್ನು ಹತ್ತು ಸಲ ಒತ್ತಿ, ಲಿವರು ಎಳೆದು ನೋಡಿ. ಒಮ್ಮೊಮ್ಮೆ ಅಷ್ಟಕ್ಕೇ ಬಿಡುತ್ತದೆ. ಸ್ಪೂಲಿನ ಜಾರುಬಿಗಿ ಸಡಿಲವಾದರೆ ಮತ್ತೊಂದು ತೊಂದರೆ: ಹಲ್ಲುಗಾಲಿ ನೂಕಿದ ಫಿಲ್ಮನ್ನು ಸ್ಪೂಲು ಸುತ್ತಿಕೊಳ್ಳದೆ, ಅದು ನಡುವೆ ಮಡಚಿ ಗುಪ್ಪೆಯಾಗಿ ಕೊನೆಗೆ ಎಲ್ಲವೂ ಸಿಕ್ಕಿಕೊಳ್ಳುತ್ತದೆ. ಇದು ಬಲ್ಲವರು ಬಿಚ್ಚಿ ಸರಿಮಾಡಬೇಕಾದ ಕೆಲಸ.

ಇಲ್ಲಿ ಗೃಹಿಣಿಯರ ಒಂದು ಸಹಾಯವನ್ನೂ ಬೇಡುತ್ತೇನೆ. ಹೊಲಿಗೆ ಯಂತ್ರದ ಎಣ್ಣೆಯ ಬುದ್ದಲಿಯನ್ನು ಮನೆಯ ಗಂಡಸರ ಕೈಗೆ ಸಿಕ್ಕದಂತೆ ಬಚ್ಚಿಡಿ. ಲಿವರು ಬಿಗಿಯಾಯಿತೆಂದು ನಾಲ್ಕು ಹನಿ ಬಿಟ್ಟರೆ, ಎಣ್ಣೆ ಅಲ್ಲಿ ನಿಲ್ಲದೆ ಹರಿದು ಶಟರಿನ ತೆಳುವಾದ ರೆಕ್ಕೆಗಳಿಗೆ ಅಂಟುತ್ತದೆ. ಲಿವರಿನ ರೋಗ ಶಟರಿಗೆ ಹತ್ತುತ್ತದೆ. ತೆಂಗಿನೆಣ್ಣೆ ಬಿಟ್ಟವರನ್ನೂ ನಾನು ಬಲ್ಲೆ.

ನಮ್ಮ ಕಡೆ ಮನೆಮನೆಯಲ್ಲಿದ್ದ ಪೆಟ್ಟಿಗೆಯಂಥ ಕ್ಯಾಮರಾಗಳ ಕಥೆ ಬೇರೆ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-ಥ್ರೀ ಎಷ್ಟೋ ಜನರಿಗೆ ನೆನಪಿದ್ದೀತು. ಅವಕ್ಕೆ ೧೨೦ ಎಂಬ ಅಗಲವಾದ ಫಿಲ್ಮು. ೧೯೦೧ರಿಂದ ಬಂದ ಈ ಅಳತೆ ಇನ್ನೂ ಬದುಕಿದೆ. ಇದಕ್ಕೆ ತೂತುಗಳಿಲ್ಲ, ಡಬ್ಬಿಯೂ ಇಲ್ಲ. ಬೆನ್ನಿಗೆ ಒಂದು ಕಾಗದ, ಕಾಗದದ ಮೇಲೆ ಅಂಕಿ, ಕ್ಯಾಮರಾದ ಬೆನ್ನಿನಲ್ಲಿ ಕೆಂಪು ಕಿಂಡಿ. ಇಲ್ಲಿ ಎಣಿಸುವುದು ಫಿಲ್ಮಿನ ಕಾಗದವೇ ಆದ್ದರಿಂದ ಮೋಸ ಕಡಮೆ. ಆದರೆ ತಿರುಗಿಸಲು ಮರೆತು ಒಂದರ ಮೇಲೊಂದು ತೆಗೆದವರು ಹೇರಳ. ಫೋಟೋ ತೆಗೆದ ಕೂಡಲೇ ಮುಂದಿನ ಅಂಕಿಗೆ ತಿರುಗಿಸುವುದೆಂಬ ಒಂದೇ ಅಭ್ಯಾಸವನ್ನು ಇಟ್ಟುಕೊಳ್ಳಬೇಕು. ಈಗಿನ ಫಿಲ್ಮುಗಳಿಗೆ ಕೆಂಪು ಬೆಳಕೂ ತಾಗುತ್ತದೆಯಾದ್ದರಿಂದ ಕಿಂಡಿಯ ಮೇಲೆ ಬಿಸಿಲು ಬೀಳದಂತೆ ನೆರಳಿನಲ್ಲಿ ತಿರುಗಿಸಬೇಕು. ಅಟ್ಟದಿಂದ ತೆಗೆದ ಕ್ಯಾಮರಾಕ್ಕೆ ೧೨೦ರ ರೋಲು ಹಿಡಿಯದೆ ತಿರುಗಿಸುವುದೇ ಕಷ್ಟವಾದರೆ, ಅದು ೬೨೦ರ ಅಳತೆಯದೋ ನೋಡಿ. ಎರಡರ ಫಿಲ್ಮೂ ಒಂದೇ, ೬೨೦ರ ಸ್ಪೂಲು ಮಾತ್ರ ಸಣ್ಣ. ಅದರ ಮಾರಾಟ ೧೯೯೫ರಲ್ಲಿ ನಿಂತಿತು. ಕತ್ತಲಲ್ಲಿ ಹಳೆಯ ಸ್ಪೂಲಿಗೆ ಸುತ್ತಿಕೊಂಡರೆ ಕೆಲಸ ನಡೆಯುತ್ತದೆ. ಎರಡು ಕಣ್ಣಿನ ರೋಲಿಫ್ಲೆಕ್ಸ್ ಆಟೋಮ್ಯಾಟ್ ಇದ್ದವರು, ಕಾಗದವನ್ನು ಕೆಳಗಿನ ಎರಡು ಉರುಳೆಗಳ ನಡುವೆಯೇ ತೂರಿಸಬೇಕು. ಉರುಳೆಗಳು ಫಿಲ್ಮಿನ ದಪ್ಪವನ್ನು ಮುಟ್ಟಿ ಅರಿತು ಎಣಿಕೆ ಆರಂಭಿಸುತ್ತವೆ. ಮೇಲಿನಿಂದ ಹಾಯಿಸಿದರೆ, ಒಂದನೆಯ ಅಂಕಿ ಬಾರದೆ ಇಡೀ ರೋಲು ಆ ಕಡೆ ಸೇರಿಬಿಡುತ್ತದೆ.

ಹುಡುಗಿಯ ಕ್ಯಾಮರಾಕ್ಕೆ ಬರೋಣ. “ಎಷ್ಟರ ರೋಲಮ್ಮ?” ಎಂದೆ. ಮೂವತ್ತಾರು ಎಂದಳು. ರೋಲಿನ ಕಾಗದದ ಪೆಟ್ಟಿಗೆ ಇದೆಯೆ ಎಂದು ಕೇಳಿದೆ. ಚೀಲ ತಡಕಿ ತೆಗೆದಳು. ಅದರ ಮೇಲೆ ೨೪ ಎಂದಿತ್ತು. ಲಿವರು ನಿಂತಾಗ ಏನು ಮಾಡಿದೆಯೆಂದರೆ, ತುಸು ತಡೆದು, “ಜೋರಾಗಿ ಎಳೆದೆ. ಕರ್ ಎಂದಿತು. ಒಂದು ಫೋಟೋ ತೆಗೆದೆ. ಇನ್ನೊಂದು ಸಲ ಎಳೆದೆ” ಎಂದಳು. ಮೊದಲ ಎಳೆತಕ್ಕೆ ತೂತುಗಳು ಹರಿದಿದ್ದವು. ಎರಡನೆಯದಕ್ಕೆ ಕೊನೆಯ ಅಂಟು ಬಿಟ್ಟು ಫಿಲ್ಮು ಡಬ್ಬಿಯ ಕಡ್ಡಿಯಿಂದ ಕಳಚಿಕೊಂಡಿತ್ತು. ರಿವೈಂಡ್ ಹಿಡಿ ಗಾಳಿಯಲ್ಲಿ ತಿರುಗಿದಂತೆ ಹಗುರವಾಗಿ ತಿರುಗುತ್ತಿದ್ದುದಕ್ಕೆ ಅದೇ ಕಾರಣ. ಈಗ ಇಡೀ ಫಿಲ್ಮು ಬಲಗಡೆಯ ಸ್ಪೂಲಿನ ಮೇಲೆ ಬೆತ್ತಲೆ ಕುಳಿತಿದೆ. ಬೆನ್ನು ತೆರೆದರೆ ಎಲ್ಲವೂ ಹೋಯಿತು.

ಹೀಗಾದಾಗ ಕತ್ತಲೆಯೊಂದೇ ದಾರಿ. ಕೆಂಪು ಬಲ್ಬು ಹಾಕಿಕೊಳ್ಳಬಹುದೆಂಬ ನಂಬಿಕೆ ಬೇಡ. ಅದು ಕಪ್ಪುಬಿಳುಪಿನ ಮುದ್ರಣ ಕಾಗದಕ್ಕೆ ಸಲ್ಲುವ ಮಾತು. ಅಂಗೈ ಕಣ್ಣ ಮುಂದೆ ಹಿಡಿದರೂ ಕಾಣದಷ್ಟು ಕತ್ತಲಿರಬೇಕು. ರಾತ್ರಿ ಹತ್ತಾಗಲೆಂದು ಕಾದೆವು. ಕಿಟಕಿಯಿಲ್ಲದ ಉಗ್ರಾಣ, ಬಾಗಿಲ ಸಂದಿಗೆ ಹಳೆಯ ಪಂಚೆ, ಅದರ ಮೇಲೆ ಇಬ್ಬರೂ ಹೊದ್ದ ಕರಿಯ ಕಂಬಳಿ. ಫೋನು, ಹೊಳೆಯುವ ಮುಳ್ಳಿನ ಗಡಿಯಾರ ಎಲ್ಲ ಹೊರಗೆ. ಮುಚ್ಚಳ ಗಟ್ಟಿಯಾಗಿ ಕೂರುವ ಕಪ್ಪು ಪ್ಲಾಸ್ಟಿಕ್ ಡಬ್ಬವೊಂದನ್ನು ಮೊದಲೇ ಬಲಗೈಗೆ ಎಟುಕುವಂತೆ ಇಟ್ಟುಕೊಂಡಿದ್ದೆವು. ಪಾರದರ್ಶಕವಾದ ಡಬ್ಬ ಪ್ರಯೋಜನವಿಲ್ಲ. ಅವಳ ಕೈಯಿಂದಲೇ ಮಾಡಿಸಿದೆ. ನನ್ನ ಬೆರಳು ಈಗ ನಡುಗುತ್ತದೆ. ತಳದ ಗುಂಡಿ ಒತ್ತಿ, ಬೆನ್ನು ತೆರೆದು, ಫಿಲ್ಮಿನ ತುದಿ ಹುಡುಕಿ, ಅಂಚುಗಳನ್ನು ಮಾತ್ರ ಹಿಡಿದು ನಿಧಾನವಾಗಿ ಸುರುಳಿ ಸುತ್ತುತ್ತ ಬಂದಳು. ಅವಸರದಿಂದ ಎಳೆದರೆ ಗೀರು ಬೀಳುತ್ತದೆ. ಮೇಲೆ ಬೆರಳಿಟ್ಟರೆ ಬೆವರಿನ ಗುರುತು ಉಳಿಯುತ್ತದೆ. ಕಂಬಳಿಯೊಳಗೆ ಸೆಕೆ. ಮೂಗಿನ ತುದಿಯಿಂದ ಬೆವರು ಇಳಿಯುತ್ತಿದ್ದರೂ ಒರಸಿಕೊಳ್ಳುವಂತಿಲ್ಲ. “ಆಯಿತು ತಾತ, ಮುಚ್ಚಳ ಹಾಕಿದೆ” ಎಂದಾಗ ಎಷ್ಟು ಹೊತ್ತು ಕಳೆದಿತ್ತೋ ತಿಳಿಯದು. ಹೊರಗೆ ಬಂದು ಡಬ್ಬದ ಮೇಲೆ ಕಾಗದ ಅಂಟಿಸಿ, ಒಳಗೆ ಬಿಡಿ ಫಿಲ್ಮಿದೆ, ಕತ್ತಲೆಯಲ್ಲೇ ತೆರೆಯಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದೆವು. ಇದನ್ನು ಬರೆಯದಿದ್ದರೆ ಸ್ಟುಡಿಯೋದವರು ಹಗಲಿನಲ್ಲಿ ಮುಚ್ಚಳ ತೆಗೆದು ನೋಡುವುದು ಸಹಜ.

ಫಿಲ್ಮು ತೊಳೆದವರು ಬೆಂಗಳೂರಿನಿಂದ ಹತ್ತು ದಿನಕ್ಕೆ ಚಿತ್ರಗಳನ್ನು ಅವಳ ಫೋನಿಗೆ ಕಳುಹಿಸಿದರು. ಇಪ್ಪತ್ತಮೂರು ಒಳ್ಳೆಯದಾಗಿ ಬಂದಿದ್ದವು. ಇಪ್ಪತ್ತನಾಲ್ಕರ ಮೇಲೆ ಆಮೇಲಿನ ಎರಡೂ ಏರಿ ಕುಳಿತಿದ್ದವು. ಮೊರ ಹಿಡಿದು ಅಕ್ಕಿ ಆರಿಸುತ್ತಿರುವ ಅಕ್ಕ, ಅವಳ ತಲೆಯಿಂದ ಎದ್ದ ಹಿತ್ತಲಿನ ಹಲಸಿನ ಮರ, ಅಡ್ಡಕ್ಕೆ ಕೊಟ್ಟಿಗೆಯ ಹಸುವಿನ ಅರ್ಧ ಮುಖ. ಅಕ್ಕನಿಗೆ ತೋರಿಸಿದಾಗ, “ಇದೇನೇ ಇದು, ನನ್ನ ನೆತ್ತಿಯ ಮೇಲೆ ಹಲಸು ಬಿಟ್ಟಿದೆ” ಎಂದು ನಕ್ಕಳಂತೆ.

ಹದಿನೇಳನೆಯ ಚಿತ್ರವನ್ನು ನಾನು ಕಾಗದದ ಮೇಲೆ ದೊಡ್ಡದಾಗಿ ಹಾಕಿಸಿಕೊಂಡಿದ್ದೇನೆ. ಅದರಲ್ಲಿ ಅಕ್ಕ ಜಗಲಿಯ ಮೇಲೆ ಕುಳಿತಿದ್ದಾಳೆ, ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡು. ಹಾಗೆ ಕೂರೆಂದು ಯಾರೂ ಹೇಳಿರಲಿಲ್ಲವಂತೆ. ಹುಡುಗಿ ಆಗಲೇ ಹೊಸ ರೋಲು ಹಾಕಿದ್ದಾಳೆ. ಈ ಸಲ ರೋಲಿನ ಪೆಟ್ಟಿಗೆಯ ಅಂಕಿಯಿದ್ದ ತುದಿಯನ್ನು ಹರಿದು ಕ್ಯಾಮರಾದ ಬೆನ್ನಿಗೆ ಅಂಟಿಸಿಕೊಂಡಿದ್ದಾಳೆ. ಲಿವರು ಎಳೆದಾಗಲೆಲ್ಲ ಕಣ್ಣು ಎಡಗಡೆಯ ಹಿಡಿಯ ಕಡೆ ಹೋಗುತ್ತದೆ.